ಮೂಲ ಕಾರಣ: ಮಾನವ ದೋಷ

೧

ಎಲ್ಲಿಂದ ಶುರು ಮಾಡಲಿ? ಕಾರ್ಖಾನೆಯ ಗೇಟಿನಿಂದ ಶುರು ಮಾಡಿದರೆ ಪತ್ರಿಕಾ ವರದಿಯಾಗುತ್ತದೆ. ನಾಯಕಿಯ ಕನಸಿನಿಂದ ಶುರು ಮಾಡಿದರೆ ಅವಳೇ ನಗುತ್ತಾಳೆ. ಶಿಫ್ಟ್ ಮುಗಿಸಿದವಳಿಗೆ ಬರುವುದು ನಿದ್ದೆ, ಕನಸಲ್ಲ. ಹೋಗಲಿ, ಸೀಸೆಯಿಂದ ಶುರು ಮಾಡುತ್ತೇನೆ.

ಅವಳು ಇಂಜೆಕ್ಷನ್ ತಯಾರಿಸುವ ಕಂಪನಿಯ ಗುಣಮಟ್ಟ ವಿಭಾಗದವಳು. ಅಲ್ಲಿ ಆಗಾಗ ಒಂದು ಪರೀಕ್ಷೆ ನಡೆಯುತ್ತದೆ: ಔಷಧದ ಬದಲು ಕ್ರಿಮಿಗಳು ಆಸೆಪಟ್ಟು ತಿನ್ನುವಂಥ ದ್ರವವನ್ನು ಸೀಸೆಗಳಿಗೆ ತುಂಬಿ, ಬೆಚ್ಚಗಿಟ್ಟು ಕಾಯುತ್ತಾರೆ. ಎಲ್ಲವೂ ತಿಳಿಯಾಗೇ ಉಳಿದರೆ ಸೀಸೆ ತುಂಬುವ ಕೋಣೆ ಶುದ್ಧ. ಈ ಸಲ ಒಂದು ಸೀಸೆ ಕದಡಿತು.

ಒಂದೇ ಒಂದು. (ಕಥೆಗೆ ಒಂದು ಸಾಕು. ರೋಗಿಗೂ.)

೨

ಮೊದಲ ಕರಡಿನಲ್ಲಿ ಪ್ಲಾಂಟ್ ಹೆಡ್‌ನನ್ನು ಖಳನಾಯಕ ಮಾಡಿದ್ದೆ. ಕೆಂಪು ಕಣ್ಣು, ಮೇಜಿಗೆ ಗುದ್ದು ಇತ್ಯಾದಿ. ಹರಿದೆ. ಇವನು ಬಯ್ಯುವವನಲ್ಲ, ಕುರ್ಚಿ ತೋರಿಸುವವನು.

"ಕೂತ್ಕೊಳ್ಳಮ್ಮ. ತನಿಖಾ ವರದೀಲಿ ಮೂಲ ಕಾರಣ ಅಂತ ಏನು ಬರೀತಿದ್ದೀಯ?"

"ಏರ್ ಫಿಲ್ಟರ್, ಸರ್. ಗಾಳಿ ಸರಿಯಾಗಿ ಬರ್ತಿಲ್ಲ, ಬದಲಾಯಿಸಿ ಅಂತ ಆಗಲೇ ಕೇಳಿದ್ದೆ. ನೀವೇ ಮುಂದೂಡಿದ್ರಿ."

"ಫಿಲ್ಟರ್ ಅಂದ್ರೆ ಈಗ ನಿಂತಿರೋ ತಯಾರಿಕೆ ಲೈನ್‌ನ ಇನ್ನೂ ಎಷ್ಟೋ ದಿನ ನಿಲ್ಲಿಸ್ಬೇಕು. ಮಾನವ ದೋಷ ಅಂತ ಹಾಕಿ ಮುಗಿಸು. ಸೀಸೆ ತುಂಬಿದ ಆ ಆಪರೇಟರ್ ಕೈ ಎಲ್ಲೋ ತಾಗಿರುತ್ತೆ. ಕಾಂಟ್ರಾಕ್ಟ್‌ನವಳು ತಾನೆ? ಏಜೆನ್ಸಿಯವರು ಬೇರೆಯವಳನ್ನ ಕಳಿಸ್ತಾರೆ. ನಿನ್ನ ಮ್ಯಾನೇಜರ್ ಪೋಸ್ಟ್ ವಿಷಯಾನೂ ನನ್ನ ತಲೇಲಿದೆ."

ಓದುಗರೇ, ಈ 'ಮಾನವ'ನನ್ನು ಸ್ವಲ್ಪ ಗಮನಿಸಿ. ಅವನು ಯಾವತ್ತೂ ಕಾಂಟ್ರಾಕ್ಟಿನವನೇ! ಫಿಲ್ಟರ್ ಮುಂದೂಡಿದವನು ಮಾನವನಲ್ಲವೆ? ಅಲ್ಲ, ಅವನು ಮ್ಯಾನೇಜ್‌ಮೆಂಟ್. ಇಲ್ಲಿ ಮಾನವರಾಗಲು ಸಂಬಳ ಕಮ್ಮಿ ಇರಬೇಕು.

(ಭಾಷಣವಾಯಿತು. ಹಳೇ ಚಾಳಿ. ಅವಳು ಆಕಳಿಸುತ್ತಿದ್ದಾಳೆ.)

೩

ಆಪರೇಟರ್ ಅಕ್ಕ ಗೌನ್ ಬದಲಿಸುವ ಕೋಣೆಯ ಬೆಂಚಿನ ಮೇಲಿದ್ದಾಳೆ. ಕಣ್ಣಿನ ಸುತ್ತ ಗಾಗಲ್ಸ್ ಒತ್ತಿದ ಗೆರೆ.

"ಮೇಡಂ, ನಾನೇ ಏನೋ ಮುಟ್ಟಿಬಿಟ್ನಾ?"

"ಇಲ್ಲ ಅಕ್ಕ. ವೀಡಿಯೊ ಪೂರ್ತಿ ನೋಡಿದೀನಿ. ನಿಮ್ಮ ಕೈ ಎಲ್ಲೂ ತಪ್ಪಿಲ್ಲ."

"ಎಲ್ಲರೂ ಹೇಳ್ತಾ ಇದ್ರೆ ಮುಟ್ಟಿರಬಹುದು ಅಂತ ನನಗೇ ಅನ್ನಿಸ್ತಿದೆ. ಮೂಗು ಕೆರ್ಕೋಬೇಕು ಅನ್ನಿಸಿತ್ತು ಮೇಡಂ. ಕೆರ್ಕೊಳ್ಳಲಿಲ್ಲ. ಅನ್ನಿಸಿದ್ದಕ್ಕೂ ಬ್ಯಾಕ್ಟೀರಿಯಾ ಬರುತ್ತಾ?"

೪

ಅಂತ್ಯ ಅ: ಅವಳು ಹೆಡ್ ಹೇಳಿದಂತೆ ಬರೆದು ಸಹಿ ಹಾಕುತ್ತಾಳೆ. ಅಕ್ಕ ಮನೆಗೆ. ಇವಳು ಮ್ಯಾನೇಜರ್. (ಇವಳ ಅಮ್ಮ ಫೋನಿನಲ್ಲಿ ಇದಕ್ಕೇ ಓಟು ಹಾಕಿದ್ದಾರೆ: "ಮೊದಲು ಮ್ಯಾನೇಜರ್ ಆಗು ಕಣೇ, ಆಮೇಲೆ ಬೇಕಾದಷ್ಟು ನಿಜ ಹೇಳು.")

ಅಂತ್ಯ ಆ: ರಾಜೀನಾಮೆಯನ್ನು ಹೆಡ್‌ನ ಮುಖಕ್ಕೆಸೆದು ಹೊರಬರುತ್ತಾಳೆ. ನಮ್ಮ ಓದುವ ಬಳಗದಲ್ಲಿ ಚಪ್ಪಾಳೆ ಗ್ಯಾರಂಟಿ.

"ಎಸೀತೀನಿ, ಎಸೀತೀನಿ," ಎಂದು ಅವಳು ನನ್ನ ಮೇಲೆ ತಿರುಗಿಬೀಳುತ್ತಾಳೆ. "ನಾಳೆ ಇನ್ನೊಬ್ಬಳು ಬಂದು ಅದನ್ನೇ ಬರೀತಾಳೆ. ಅಕ್ಕನ ಕೆಲಸಾನೂ ಹೋಯ್ತು, ನನ್ನದೂ ಹೋಯ್ತು, ನಿಮಗೊಂದು ಕಥೆ ಆಯ್ತು."

"ಮತ್ತೇನು ಮಾಡ್ತೀಯ?"

"ಫಿಲ್ಟರ್ ಅಂತಾನೇ ಬರೀತೀನಿ. ಮುಂದೂಡಿದ್ದು ಯಾರು ಅಂತಾನೂ."

"ವಾಪಸ್ ಕಳಿಸಿದರೆ?"

"ಮತ್ತೆ ಅದನ್ನೇ ಬರೀತೀನಿ. ನಮ್ಮ ವಿಭಾಗದ ಸಹಿ ಇಲ್ಲದೆ ಲೈನ್ ಶುರುವಾಗಲ್ಲ. ನನ್ನ ಹತ್ರ ಇರೋದು ಅಷ್ಟೇ. ಸುಸ್ತಾಗುತ್ತೆ ಅನ್ಬೇಡಿ, ಆಗಲೇ ಆಗಿದೆ."

೫

ಬರೆದಳು. ವಾಪಸ್ ಬಂತು. ಮತ್ತೆ ಬರೆದಳು. ಮತ್ತೆ ಬಂತು. ಲೈನ್ ನಿಂತೇ ಇದೆ. ಅಕ್ಕ ಇವತ್ತೂ ಕೆಲಸಕ್ಕೆ ಬಂದಿದ್ದಾಳೆ. ನಾಳೆಯದು ಗೊತ್ತಿಲ್ಲ.

ಮುಂದೇನಾಯಿತು ಎಂದು ಕೇಳಬೇಡಿ. ಬೇಗ ಮುಗಿಸು ಎನ್ನುವವರು ಅವಳ ಸುತ್ತ ಬೇಕಾದಷ್ಟಿದ್ದಾರೆ, ಆ ಸಾಲಿಗೆ ನಾನು ಸೇರಲಾರೆ. ಗೆಲ್ಲಿಸಿದರೆ ಸುಳ್ಳು. ಸೋಲಿಸಿದರೆ ಹೆಡ್‌ಗೆ ನಾನೇ ಸಹಾಯ ಮಾಡಿದಂತೆ.

ಅವಳು ಕುರ್ಚಿ ಎಳೆದುಕೊಂಡು ಮತ್ತೆ ಬರೆಯಲು ಕೂರುತ್ತಾಳೆ. ತಲೆಯೆತ್ತದೆ ಕೇಳುತ್ತಾಳೆ:

"ನೀವಿನ್ನೂ ಹೋಗಿಲ್ವಾ?"

"ಇಲ್ಲ."

"ಹಾಗಿದ್ರೆ ಸ್ವಲ್ಪ ಪಕ್ಕಕ್ಕೆ ಸರೀರಿ. ಬೆಳಕಿಗೆ ಅಡ್ಡ ಬರ್ತಿದೀರಿ."