ಅಕ್ಷರವಿಲ್ಲದ ಶಾಲೆ

ಆ ಬೀದಿಯವರು ಅದನ್ನು ಶಾಲೆ ಎಂದೇ ಕರೆಯುತ್ತಿದ್ದರು. ಐದು ತುಂಬಿದ ಹೆಣ್ಣುಮಕ್ಕಳನ್ನು ಅಲ್ಲಿಗೆ ಬಿಡುವುದು ಹಿಂದಿನಿಂದ ಬಂದ ಪದ್ಧತಿ. ಆದರೆ ಅಲ್ಲಿ ಹಲಗೆಯಿಲ್ಲ, ಬಳಪವಿಲ್ಲ. ತಗ್ಗು ಸೂರಿನ ಕೋಣೆಯಲ್ಲಿ ಮಕ್ಕಳು ಹುಲ್ಲು ತುಂಬಿದ ದಿಂಬನ್ನು ಎದೆಗೊತ್ತಿಕೊಂಡು, ಗುಂಡುಸೂಜಿಗಳ ನಡುವೆ ದಾರ ಸುತ್ತಿದ ಕಡ್ಡಿಗಳನ್ನು ಆಡಿಸುತ್ತ ಬಟ್ಟೆಯಂಚಿಗೆ ಹಾಕುವ ಲೇಸು ಹೆಣೆಯಬೇಕು. ಹೊಗೆ ತಾಗಿ ಬಿಳಿ ದಾರ ಮಾಸೀತೆಂದು ಎಂಥ ಚಳಿಯಲ್ಲೂ ಬೆಂಕಿ ಹಾಕುವಂತಿರಲಿಲ್ಲ. ತೂಕಡಿಸಿದವಳ ಕೆನ್ನೆಗೆ ಯಜಮಾನಿಯ ಕೈ.

ಗಾಡಿಯವನ ದೊಡ್ಡ ಮಗಳು ಅಲ್ಲೇ ಬೆಳೆದವಳು. ಹದಿನೇಳಕ್ಕೇ ಬೆನ್ನು ಬಾಗಿತ್ತು. ಅವಳ ಲೇಸು ಕಂಡವರು "ಬೆರಳಲ್ಲ, ಜೇಡ" ಎನ್ನುತ್ತಿದ್ದರು. ಅಜ್ಜಿ ಆ ಮಾತನ್ನು ಬೀದಿಗೆಲ್ಲ ಹಂಚಿ ಬರುತ್ತಿದ್ದಳು. ಬರಬರುತ್ತ ಅವಳಿಗೆ ಬಿಳಿ ದಾರ ಬಿಳಿ ಗೋಡೆಯಲ್ಲಿ ಕರಗತೊಡಗಿತು. ಆಮೇಲೆ ಗೋಡೆಯೂ ಹೋಯಿತು. ಹುಡುಗಿ ಬಾಯಿ ಬಿಡಲಿಲ್ಲ. ಕಣ್ಣು ಹೋದವಳಿಗೆ ಆ ಕೋಣೆಯಲ್ಲಿ ಜಾಗವಿಲ್ಲ. ಅಭ್ಯಾಸದ ದಾರಿಯಲ್ಲಿ ನಡೆದಳು, ಬೆರಳನ್ನೇ ಕಣ್ಣು ಮಾಡಿಕೊಂಡು ದುಡಿದಳು.

ತಂಗಿ ಗುಬ್ಬಿಗೆ ಐದಾಯಿತು. ತಾಯಿಯಿಲ್ಲದ ಮಗು. ಅಜ್ಜಿಯೇ ತಲೆ ಬಾಚಿ, ಕಂಕುಳಿಗೆ ಸಣ್ಣ ದಿಂಬು ಕೊಟ್ಟಳು. ಅಷ್ಟರಲ್ಲಿ ಹೊಸದಾಗಿ ತೆರೆದ ಓದಿನ ಶಾಲೆಯ ಟೀಚರಮ್ಮ ಬಾಗಿಲಿಗೆ ಬಂದರು.

"ಮಗು ಅಕ್ಷರ ಕಲೀಲಿ, ಅಜ್ಜಿ. ಕೆಲಸ ಎಲ್ಲಿಗೂ ಓಡಿಹೋಗಲ್ಲ."

"ಅಕ್ಷರ ಹೊಟ್ಟೆ ತುಂಬಿಸುತ್ತಾ?" ಅಜ್ಜಿ ಕೆರಳಿದಳು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ? ನಮ್ಮಮ್ಮ ಕೂತ್ಲು, ನಾನು ಕೂತೆ, ಇವಳಕ್ಕ ಕೂತ್ಲು. ಯಾರಿಗೇನಾಯ್ತು?"

"ನಿಮ್ಮಮ್ಮನ ಕಣ್ಣು ಕೊನೇವರೆಗೂ ಚೆನ್ನಾಗಿತ್ತಾ?"

"ಗೋಡೆ ತಡವಿಕೊಂಡು ಓಡಾಡ್ತಿದ್ಲು. ಅದು ಅವಳ ಹಣೆಬರಹ."

ಆ ಹಣೆಬರಹ ಬರೆದವರು ಯಾರೆಂದು ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ಅಪ್ಪ ನೆಲ ನೋಡುತ್ತ, "ಅಮ್ಮ ಹೇಳಿದ ಹಾಗೇ ಆಗ್ಲಿ" ಎಂದ.

ದೊಡ್ಡವಳು ಎದ್ದು ತಡಕಾಡಿ ಗುಬ್ಬಿಯ ದಿಂಬನ್ನು ಕಿತ್ತುಕೊಂಡಳು. "ನನಗೂ ಆಗಿದೆ, ಅಜ್ಜಿ. ನಿನ್ನ ಮುಖ ನೋಡಿ ಎಷ್ಟೋ ಕಾಲ ಆಯ್ತು."

ಅಜ್ಜಿ ಅವಳ ಕಣ್ಣ ಮುಂದೆ ಕೈಯಾಡಿಸಿದಳು. ರೆಪ್ಪೆ ಅಲುಗಲಿಲ್ಲ. ಮುದುಕಿ ಗುಬ್ಬಿಯ ಕಡೆ ತಿರುಗಿದಳು. ಸಣ್ಣ ದನಿಯಲ್ಲಿ ಅಂದಳು: "ಹಾಗಾದ್ರೆ ಇವಳನ್ನ ಲೇಸಿಗೆ ಕಳಿಸಲೇಬೇಕಲ್ಲ. ಇನ್ನು ಕೂಳಿಗೇನು ಗತಿ?"

"ಆ ಕೋಣೆ ನನ್ನ ಕಣ್ಣು ತಿಂದದ್ದು ಸಾಲದಾ?" ದೊಡ್ಡವಳು ದಿಂಬನ್ನು ನೆಲಕ್ಕೆ ಹಾಕಿದಳು. "ಯಾರ ಮನೆ ಪಾತ್ರೆಯಾದ್ರೂ ಉಜ್ಜಿ ತರ್ತೀನಿ, ಅದಕ್ಕೆ ಕಣ್ಣು ಬೇಕಿಲ್ಲ. ಇವಳು ಮಾತ್ರ ಅಲ್ಲಿಗೆ ಹೋಗಲ್ಲ."

ಯಾರ ಉತ್ತರಕ್ಕೂ ಕಾಯದೆ ತಂಗಿಯ ಕೈ ಹಿಡಿದು ಟೀಚರಮ್ಮನ ಹಿಂದೆ ನಡೆದಳು. ಅದು ಅವಳು ಎಂದೂ ತುಳಿಯದ ದಾರಿ. ಓದಿನ ಶಾಲೆಯ ಬಾಗಿಲಲ್ಲಿ ಗುಬ್ಬಿ ನಿಂತು ಅವಳ ಸೆರಗು ಜಗ್ಗಿದಳು:

"ಮೆಟ್ಟಿಲಿದೆ ಅಕ್ಕಾ, ಕಾಲೆತ್ತು."