ಎರಡನೆಯ ಗೆರೆ

“ಕೋಟಿನ ತೋಳೊಂದು ಬಂದುಬಿಟ್ಟಿದೆ ಕಣೇ, ಇರಲಿ ಬಿಡು,” ಎನ್ನುತ್ತ ಸತ್ಯಮೂರ್ತಿ ಅಕ್ಕನ ಫೋಟೋವನ್ನು ಚೌಕಟ್ಟಿಗೆ ತೂರಿಸಿದ. ವನಮಾಲಾ ಒಬ್ಬಳೇ ನಿಂತು ಫೋಟೋ ತೆಗೆಸಿಕೊಂಡವಳಲ್ಲ. ಪ್ರಯೋಗಾಲಯದ ಗುಂಪು ಫೋಟೋದಿಂದ ಅವಳನ್ನು ಕತ್ತರಿಸುವಾಗ ಪಕ್ಕದಲ್ಲಿದ್ದ ಡಾಕ್ಟರ್ ತಿರುಮಲೇಶರ ತೋಳೂ ಜೊತೆಗೆ ಬಂದಿತ್ತು. ತಂಗಿ ವಿಮಲಾ ಚೌಕಟ್ಟನ್ನು ಅಕ್ಕನ ಹೆಣದ ತಲೆಯ ಬಳಿ ಒರಗಿಸಿಟ್ಟಳು.

ಅಷ್ಟರಲ್ಲಿ ತೋಳಿನ ಒಡೆಯರೇ ಬಂದರು. ಸಯನ್ ಬಡಾವಣೆಯ ಆ ಬಿಲ್ಡಿಂಗಿನ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಹಾರ ಹಾಕಿ, ನೆರೆದವರ ಕಡೆ ತಿರುಗಿದರು.

“ನನ್ನ ಕೈಕೆಳಗೇ ದುಡಿದಳು. ಶ್ರದ್ಧೆ ಇತ್ತು. ಕೆಲಸ ಮಾತ್ರ ಒಂಚೂರು ಕೊಳಕು. ಪಾಪ, ತಿದ್ದಿ ತಿದ್ದಿ ನಾನೇ ಮುಂದೆ ತಂದೆ.”

“ನಿಮ್ಮದು ದೊಡ್ಡ ಮನಸ್ಸು ಮಾರಾಯ್ರೆ,” ಎಂದರು ಪಕ್ಕದ ಮನೆಯ ಸದಾನಂದ.

*

ಎಂಬತ್ತೇಳನೇ ಇಸವಿಯ ಒಂದು ಸಂಜೆ ವನಮಾಲಾ ಚಪ್ಪಲಿ ಬಿಡುವುದನ್ನೂ ಮರೆತು ಸೀದಾ ಅಡುಗೆಮನೆಗೆ ಬಂದಿದ್ದಳು.

“ಕಪ್ಪೆ ಮೊಟ್ಟೆ ಸೀಳಿ ಎರಡಾಗುತ್ತಲ್ಲ, ನಾಲ್ಕಾಗುತ್ತಲ್ಲ, ಪ್ರತಿ ಸಲಾನೂ ಅದಕ್ಕೆ ಮುಂಚೆ ಒಂದು ಪ್ರೋಟೀನು ತುಂಬ್ಕೊಳ್ಳುತ್ತೆ, ಸೀಳೋವಾಗ ಕರಗಿಹೋಗುತ್ತೆ. ಎಲ್ರೂ ಅದು ಒಂದೇ ಅಂದ್ಕೊಂಡಿದಾರೆ. ನಂಗೆ ಎರಡು ಕಂಡ್ವು ಕಣೇ ವಿಮಲಾ, ಅಕ್ಕತಂಗೀರ ಹಾಗೆ. ಒಂದು ಮೊದಲು ಕರಗುತ್ತೆ, ಇನ್ನೊಂದು ಆಮೇಲೆ.”

ಪ್ರೋಟೀನುಗಳ ಗುರುತು ಮೂಡುವ ಎಕ್ಸ್‌ರೇ ಫಿಲ್ಮಿನ ಮೇಲೆ ಎರಡು ಗೆರೆಗಳಿದ್ದವು, ಒಂದೊಂದು ಪ್ರೋಟೀನಿಗೆ ಒಂದೊಂದು. ತಿರುಮಲೇಶರು ನೋಡಿ, “ಇದು ಕೊಳೆ. ಕೈ ತೊಳ್ಕೊಂಡು ಕೆಲಸ ಮಾಡಮ್ಮ,” ಎಂದರು. ಕೆಳಗಿನ ಗೆರೆಯನ್ನು ಕತ್ತರಿಸಿ ಕಸದ ಬುಟ್ಟಿಗೆ ಹಾಕಿ, ಒಂದೇ ಗೆರೆಯ ಚಿತ್ರವನ್ನು ತಮ್ಮ ಹೆಸರಿನಲ್ಲಿ ಅಚ್ಚುಹಾಕಿಸಿದರು. ಕೊಳೆಯಂತೆ. ತೊಳೆದಿಟ್ಟ ತಟ್ಟೆಯನ್ನೂ ಮತ್ತೊಮ್ಮೆ ತೊಳೆದೇ ಊಟಕ್ಕೆ ಕೂರುತ್ತಿದ್ದವಳ ಕೈ ಕೊಳೆಯಂತೆ. ಮುಂದೆ ಹೊರದೇಶದವರು ಆ ಪ್ರೋಟೀನಿಗೆ ಎರಡು ರೂಪಗಳಿವೆ ಎಂದು ಬರೆದಾಗ, ವನಮಾಲಾ ಆ ಪತ್ರಿಕೆಯನ್ನು ತಿರುಮಲೇಶರ ಮೇಜಿನ ಮೇಲಿಟ್ಟು ಬಂದಳು. ಅವರು ಅದರ ಮಾತೇ ಎತ್ತಲಿಲ್ಲ.

*

ವಿಮಲಾ ಹೆಣದ ಬಳಿಯಿಂದ ಬಂದು ಡಾಕ್ಟರ ಎದುರು ನಿಂತಳು.

“ಸಾರ್, ಆ ಎರಡನೇ ಗೆರೆ ಕೊಳೆ ಅಲ್ಲ ಅಂತ ಇವರೆಲ್ಲರ ಮುಂದೆ ಒಂದ್ಸಲ ಹೇಳಿಬಿಡಿ. ಅಕ್ಕ ಇನ್ನೂ ಮನೇಲೇ ಇದಾಳೆ.”

“ಹೊತ್ತುಗೊತ್ತು ನೋಡಿ ಮಾತಾಡಬೇಕಮ್ಮ,” ಎಂದರು ಡಾಕ್ಟರು.

“ಸುಮ್ನಿರೇ ವಿಮಲಾ,” ಎಂದ ಸತ್ಯಮೂರ್ತಿ. ಕೆಳಗೆ ಹೆಣ ಒಯ್ಯುವ ಗಾಡಿ ಬಂದು ನಿಂತಿತ್ತು.

ಹಾರದ ದಾರ ಕತ್ತರಿಸಿದ ಕತ್ತರಿ ನೆಲದ ಮೇಲೇ ಬಿದ್ದಿತ್ತು. ವಿಮಲಾ ಅದನ್ನೆತ್ತಿಕೊಂಡು, ಚೌಕಟ್ಟು ಬಿಚ್ಚಿ ಫೋಟೋ ಹೊರಗೆಳೆದಳು. ಡಾಕ್ಟರು ನೋಡುತ್ತಿದ್ದಂತೆಯೇ ತೋಳನ್ನು ಮೇಲಿಂದ ಕೆಳಗೆ ನೀಟಾಗಿ ಕತ್ತರಿಸಿದಳು. ಚೂರು ಅವರ ಪಾದದ ಮೇಲೆ ಬಿತ್ತು. ಯಾರೂ ಎತ್ತಲಿಲ್ಲ.

ಚೌಕಟ್ಟಿನೊಳಗೆ ಈಗ ವನಮಾಲಾ ಒಬ್ಬಳೇ ನಿಂತಿದ್ದಳು. ಪಕ್ಕದಲ್ಲಿ ಬೆರಳಗಲ ಬಿಳಿ ಜಾಗವಿತ್ತು.