ಮದರಂಗಿಗೆ ಒಂದು ಕೇಕ್

ಓವನ್ ಮತ್ತೆ ಕುಯ್ಯೆಂದಿತು. ಗಾಜಿನ ಬಾಗಿಲ ಮೇಲಿನ ಕಪ್ಪು ಪಟ್ಟಿಯಲ್ಲಿ ಕೆಂಪಗೆ ಇ-4 ಎಂದು ಮೂಡಿ, ಕಣ್ಣು ಮಿಟುಕಿಸತೊಡಗಿತು. ತೃಪ್ತಿ ಬಾಗಿಲು ತೆರೆದು ಮತ್ತೊಮ್ಮೆ ಮುಚ್ಚಿದಳು. ಮೊಣಕಾಲು ಕೊಟ್ಟು ಒತ್ತಿದಳು. ಪ್ಲಗ್ ಕಿತ್ತು ಮತ್ತೆ ಹಾಕಿದಳು. "ನಿನ್ನ ಕಾಲು ಹಿಡೀತೇನೆ ಮಾರಾಯ, ಇವತ್ತೊಂದು ದಿನ" ಎಂದು ಬೇಡಿಕೊಂಡಳು. ಜಪ್ಪಯ್ಯ ಎಂದರೂ ಅದು ಕೇಳಲಿಲ್ಲ.

ಮೇಜಿನ ಮೇಲೆ ದೊಡ್ಡ ಟಿನ್ನಿನಲ್ಲಿ ಹಿಟ್ಟು ಕಾದಿತ್ತು. ಇಡ್ಲಿ ಹಿಟ್ಟಾದರೆ ಕೂತಷ್ಟೂ ಒಳ್ಳೆಯದು. ಕೇಕಿನ ಹಿಟ್ಟಿಗೆ ಆ ತಾಳ್ಮೆ ಎಲ್ಲಿಂದ ಬರಬೇಕು? ಹೊಡೆದ ಮೊಟ್ಟೆಯ ಉಬ್ಬು ಇಳಿದರೆ ಮುಗಿಯಿತು ಅದರ ಕಥೆ. ಸಂಜೆ ಇದಿನಬ್ಬ ಬ್ಯಾರಿಗಳ ಮೊಮ್ಮಗಳು ಸಫ್ರೀನಾಳ ಮದರಂಗಿ. ನಾಳೆ ಮದುವೆ. ಮದರಂಗಿಯ ಮನೆಗೆ ಈ ಕೇಕ್ ಹೋಗಲೇಬೇಕು.

ಬೇರೆ ಯಾರ ಆರ್ಡರಾದರೂ ಆಗಿದ್ದರೆ ತೃಪ್ತಿ ಫೋನು ಮಾಡಿ, ಕ್ಷಮೆ ಕೇಳಿ, ಬೆಳ್ತಂಗಡಿಯ ಬೇಕರಿಯಿಂದ ತರಿಸಿ ಎಂದು ಬಿಡುತ್ತಿದ್ದಳೇನೋ. ಆದರೆ ಈ ಓವನ್ನೇ ಬ್ಯಾರಿಗಳು ಕೊಟ್ಟದ್ದು. ಮಸ್ಕತ್ತಿನ ಹೋಟೆಲೊಂದರಲ್ಲಿ ಅರ್ಧ ಆಯುಷ್ಯ ಬ್ರೆಡ್ಡು, ಕೇಕು ಬೇಯಿಸಿ ತಮ್ಮೂರು ಕೊಕ್ಕಡಕ್ಕೆ ಮರಳಿದವರು ಅವರು. ಬರುವಾಗ ಮನೆಗೆಂದು ಹಡಗಿನಲ್ಲಿ ಇದನ್ನು ತರಿಸಿಕೊಂಡಿದ್ದರು. ಆಗ ತೃಪ್ತಿ ಕುಕ್ಕರಿಗೆ ಮರಳು ಹಾಕಿ ಕೇಕ್ ಮಾಡುತ್ತಿದ್ದ ಕಾಲ. ಒಮ್ಮೆ ಹದವಾದರೆ ಇನ್ನೊಮ್ಮೆ ಅಡಿ ಕರಕಲು. ಎಲ್ಲೋ ಅದರ ಒಂದು ತುಂಡು ತಿಂದ ಬ್ಯಾರಿಗಳು ಮರುದಿನವೇ ಪಿಕಪ್ಪಿನಲ್ಲಿ ಓವನ್ ಹೇರಿಕೊಂಡು ಬಂದು ಅಂಗಳದಲ್ಲಿ ಇಳಿಸಿದ್ದರು.

"ಕೈ ಒಳ್ಳೇದುಂಟು ಮಗಳೇ, ಒಲೆ ಸರಿ ಇಲ್ಲ ನಿನ್ನದು. ಇದನ್ನು ಇಟ್ಟುಕೋ. ನಮ್ಮ ಸಫ್ರೀನಾನ ಮದರಂಗಿಗೆ ಕೇಕ್ ನೀನೇ ಮಾಡ್ಬೇಕು, ಅಷ್ಟೇ."

ಅವರು ಕೇಳಿದ್ದು ಅದೊಂದೇ. ಅದಕ್ಕೂ ಕೈಕೊಟ್ಟರೆ ಅವರಿಗೆ ಮುಖ ತೋರಿಸುವುದು ಹೇಗೆ?

ಹೋಗುವಾಗ ಸರಿಯಿತ್ತಲ್ಲ ಇದು? ಹೊಸ ಅಕ್ಕಿ ಊಟಕ್ಕೆಂದು ಅವಳು ಮಿಜಾರಿನ ತವರಿಗೆ ಹೋಗಿ, ಹಬ್ಬ ಮುಗಿಸಿ ಈ ಬೆಳಿಗ್ಗೆಯಷ್ಟೇ ಬಂದದ್ದು. ಗಂಡ ವಸಂತ ರಿಕ್ಷ ಹಿಡಿದು ಬಾಡಿಗೆಗೆ ಹೋಗಿದ್ದ. ಅತ್ತೆ ಕಾವೇರಮ್ಮ ಜಗಲಿಯಲ್ಲಿ ಕೂತು ಹಾರೆ, ಕತ್ತಿಗಳನ್ನು ಒಂದೊಂದಾಗಿ ಮೂಲೆಗೆ ಸೇರಿಸುತ್ತಿದ್ದರು.

"ಅತ್ತೆ, ನಾನಿಲ್ಲದಾಗ ಓವನ್ನಿಗೆ ಯಾರಾದರೂ ಕೈ ಹಾಕಿದ್ದಾ?"

"ನಿನ್ನ ಪೆಟ್ಟಿಗೆಯ ಸುದ್ದಿ ನನಗೆಂತಕ್ಕೆ?" ಕಾವೇರಮ್ಮ ತಲೆಯೆತ್ತಲಿಲ್ಲ.

ಯಾವಾಗಲೂ ಇದೇ. ಪೆಟ್ಟಿಗೆ! ಕೇಕ್ ಕೊಟ್ಟರೆ ಚೂರು ಬಾಯಿಗಿಟ್ಟು "ಸೀ ಹೆಚ್ಚಾಯ್ತು" ಎನ್ನುವುದು, ಕರೆಂಟು ಹೋದರೆ "ಎಲ್ಲ ಅದೇ ಎಳೆದದ್ದು" ಎನ್ನುವುದು. ಅತ್ತೆಗೆ ಅದನ್ನು ಕಂಡರಾಗದು ಎಂದು ತೃಪ್ತಿ ಎಂದೋ ತೀರ್ಮಾನ ಮಾಡಿಯಾಗಿತ್ತು. ಬೇಡಬೇಡವೆಂದರೂ ನಾಲಗೆ ಹೊರಳಿಬಿಟ್ಟಿತು.

"ಹಾಳಾದರೆ ನಿಮಗೆ ಖುಷಿಯೇ ಅಲ್ವಾ."

ಕಾವೇರಮ್ಮನ ಕೈ ಅರೆಗಳಿಗೆ ನಿಂತಿತು. ಮತ್ತೆ ಕತ್ತಿಯನ್ನು ಗೋಡೆಗೆ ಆನಿಸಿಟ್ಟರು.

ತೃಪ್ತಿ ಒಳಗೆ ಬಂದು ಉನೈಸನಿಗೆ ಫೋನು ಹಚ್ಚಿದಳು. ಬೆಳ್ತಂಗಡಿಯಲ್ಲಿ ಫ್ರಿಜ್, ಮಿಕ್ಸಿ ರಿಪೇರಿ ಮಾಡುವವನು ಅವನು. ಓವನ್ನಿನಲ್ಲಿ ಇ-4 ಬರುವುದನ್ನು ಹೇಳಿದಳು.

"ನಾನು ಉಜಿರೆಯಲ್ಲಿ ಒಂದು ಫ್ರಿಜ್ ಬಿಚ್ಚಿ ಹಾಕಿ ಕೂತಿದ್ದೇನೆ ಅಕ್ಕ, ಈಗ ಬರ್ಲಿಕ್ಕೆ ಆಗುದಿಲ್ಲ. ವಿಡಿಯೋ ಕಾಲ್ ಮಾಡಿ, ನೋಡುವ. ಓವನ್ನಿನ ಪುಸ್ತಕದಲ್ಲಿ ಇ-4ಕ್ಕೆ ಎಂತ ಬರ್ದಿದ್ದಾರೆ?"

"ಬಾಗಿಲು ಮುಚ್ಚಿಲ್ಲ ಅಂತ." ತೃಪ್ತಿ ವಿಡಿಯೋ ಹಾಕಿ ಫೋನನ್ನು ಓವನ್ನಿನತ್ತ ಹಿಡಿದಳು. "ಮುಚ್ಚಿದ್ದೇನಲ್ಲ ಉನೈಸ್! ನಿನಗೆ ಕಾಣ್ತದಲ್ವಾ?"

"ನನಗೂ ಕಾಣ್ತದೆ, ನಿಮಗೂ ಕಾಣ್ತದೆ. ಅದಕ್ಕೆ ಗೊತ್ತಾಗ್ಬೇಕಲ್ಲ ಅಕ್ಕ! ಬಾಗಿಲಲ್ಲಿ ಒಂದು ಸಣ್ಣ ಕೊಕ್ಕೆ ಉಂಟು ನೋಡಿ. ಅದು ಹೋಗಿ ಕೂರುವ ಕಿಂಡಿ ಎದುರಿಗೆ ಉಂಟು. ಸ್ವಿಚ್ಚು ಇರುದು ಅದರ ಒಳಗೆ. ಕೊಕ್ಕೆ ಹೋಗಿ ಒತ್ತದಿದ್ರೆ ಅದರ ಲೆಕ್ಕದಲ್ಲಿ ಬಾಗಿಲು ತೆರೆದೇ ಉಂಟು. ಪ್ಲಗ್ ತೆಗೆದು ಟಾರ್ಚ್ ಬಿಡಿ ಅಲ್ಲಿಗೆ."

ತೃಪ್ತಿ ಬಗ್ಗಿ ಟಾರ್ಚ್ ಬಿಟ್ಟಳು. ಕಿಂಡಿ ಇರಬೇಕಾದಲ್ಲಿ ಕಿಂಡಿಯೇ ಇರಲಿಲ್ಲ. ಬಿಳಿಹಳದಿಯ ಏನೋ ಒಂದು ಒಣಗಿ ಕಲ್ಲಾಗಿ ಮೆತ್ತಿಕೊಂಡಿತ್ತು. ಅದರ ಮೇಲೆ ಒಂದು ಕೆಂಪು ಬೊಟ್ಟು, ಎರಡು ಅಕ್ಕಿಕಾಳು.

"ಇದೆಂತ ಅಕ್ಕ, ಯಾರು ಸಿಮೆಂಟ್ ಹಾಕಿದ್ದು?" ಎಂದು ನಕ್ಕ ಉನೈಸ್, ಮರುಕ್ಷಣ ತಾನೇ "ಓ… ನಿನ್ನೆ ಆಯುಧ ಪೂಜೆ ಅಲ್ವಾ ನಿಮಗೆ!" ಎಂದ.

ತೃಪ್ತಿ ಮೂಸಿದಳು. ಗಂಧ. ಮನೆಯ ಕೊರಡಿನಲ್ಲಿ ತೇಯ್ದ ಗಂಧ. ಈ ಮನೆಯಲ್ಲಿ ಅದನ್ನು ಅಷ್ಟು ದಪ್ಪಕ್ಕೆ ತೇಯುವವರು ಒಬ್ಬರೇ. ಅವಳು ತಿರುಗಿ ನೋಡುವಾಗ ಕಾವೇರಮ್ಮ ಬಾಗಿಲಲ್ಲಿ ನಿಂತಿದ್ದರು.

"ಎಲ್ಲಿ ಹಚ್ಚುದು ಅಂತ ಗೊತ್ತಾಗ್ಲಿಲ್ಲ ನನಗೆ," ಎಂದರು, ತಪ್ಪು ಮಾಡಿದ ಮಗುವಿನ ಹಾಗೆ. "ಕತ್ತಿಗಾದರೆ ಬಾಯಿ ಉಂಟು, ರಿಕ್ಷಕ್ಕೆ ಮೋರೆ ಉಂಟು. ಇದು ಎಲ್ಲ ಗಾಜು. ಗಾಜಿಗೆ ಹಚ್ಚಿದ್ರೆ ನೀನು ಬಂದವಳೇ ಒರೆಸಿ ಹಾಕ್ತಿ, ನಿನಗೆ ಅದು ಕನ್ನಡಿ ಹಾಗೆ ಇರ್ಬೇಕು. ಹಾಗೆ ಯಾರಿಗೂ ಕಾಣದ ಜಾಗೆ ಹುಡುಕಿ ಹಚ್ಚಿದೆ."

"ನೀವಾ? ಇದಕ್ಕಾ? ಮತ್ತೆ ಪೆಟ್ಟಿಗೆ, ಪೆಟ್ಟಿಗೆ ಅಂತ ಬೈಯುದು?"

"ಬಾಯಲ್ಲಿ ಬಂದದ್ದೆಲ್ಲ ಮನಸ್ಸಲ್ಲಿ ಇರ್ತದಾ ಮಾರಾಯ್ತಿ? ಹೋದ ಮಳೆಗಾಲ ವಸಂತ ಕಾಲು ಮುರಿದು ಮಲಗಿದಾಗ, ರಿಕ್ಷ ಅಂಗಳದಲ್ಲಿ ಪಾಚಿ ಹಿಡಿದು ನಿಂತಾಗ, ಈ ಮನೆಯಲ್ಲಿ ಅನ್ನ ಬೆಂದದ್ದು ಯಾವುದರಿಂದ? ನನಗೆ ಕಣ್ಣಿಲ್ವಾ? ಅನ್ನ ಕೊಟ್ಟದ್ದಕ್ಕೆಲ್ಲ ಗಂಧ ಹಚ್ಚಿ ಇದೊಂದನ್ನು ಬಿಟ್ಟರೆ ದೇವರು ಮೆಚ್ಚುತ್ತಾನಾ?"

ಆ ಮಳೆಗಾಲದಲ್ಲಿ ತಾನು ಬೆಳಗಿನಿಂದ ಸಂಜೆವರೆಗೆ ಇದರ ಮುಂದೆ ನಿಂತದ್ದನ್ನು, ಬೆನ್ನು ಬಿದ್ದುಹೋಗುವ ಹಾಗೆ ದುಡಿದದ್ದನ್ನು ಯಾರೂ ನೋಡಲಿಲ್ಲ ಎಂದುಕೊಂಡಿದ್ದಳು ತೃಪ್ತಿ. ನೋಡಿದವರು ನೋಡಿದ್ದರು. ಈಗಷ್ಟೇ ತಾನು ಆಡಿದ ಮಾತು ನೆನಪಾಗಿ ನಾಚಿಕೆಯಿಂದ ಮೈ ಹಿಡಿಯಾಯಿತು. "ಅತ್ತೆ, ನಾನು ಆಗ ಹಾಗೆ ಹೇಳಬಾರದಿತ್ತು" ಎನ್ನುವಷ್ಟರಲ್ಲಿ ಕಣ್ಣು ತುಂಬಿ ಬಂತು.

"ಅಳುದು ಆಮೇಲೆ. ಬ್ಯಾರಿಗಳ ಕೇಕ್ ಎಂತಾಗ್ತದೆ? ನಾನೇ ಹಾಳು ಮಾಡಿದೆನಾ?" ಕಾವೇರಮ್ಮ ಬಂದು ಓವನ್ನಿನ ಮುಂದೆ ಬಗ್ಗಿದರು.

"ಎಂತದೂ ಹಾಳಾಗ್ಲಿಲ್ಲ ಅಮ್ಮ," ಫೋನಿನೊಳಗಿಂದ ಉನೈಸ್ ಕೂಗಿದ. "ನೀರು ಮಾತ್ರ ಹಾಕ್ಬೇಡಿ. ಮರದ ಕಡ್ಡಿಯಲ್ಲಿ ಮೆಲ್ಲ ಕೆರೆದು ತೆಗೀರಿ."

ಕಾವೇರಮ್ಮ ಅಂಗಳಕ್ಕೆ ಓಡಿ ತೆಂಗಿನ ಗರಿಯ ಕಡ್ಡಿಯೊಂದನ್ನು ಸೀಳಿ, ತುದಿ ಚೂಪು ಮಾಡಿ ತಂದರು. ತೃಪ್ತಿ ಕೆರೆದಳು. ಕಾವೇರಮ್ಮ ಕೆಳಗೆ ಬಾಳೆಲೆಯ ತುಂಡು ಹಿಡಿದು ಕೂತರು. ಪೂಜೆಯ ಗಂಧ ನೆಲಕ್ಕೆ ಬೀಳಬಾರದು. ಬಿಳಿಹಳದಿ ಪುಡಿ ಚೂರುಚೂರಾಗಿ ಎಲೆಗೆ ಉದುರಿತು. ಕಾವೇರಮ್ಮ ಅದನ್ನು ತುಳಸಿಯ ಬುಡಕ್ಕೆ ಹಾಕಿ ಬರುವವರೆಗೆ ತೃಪ್ತಿ ಪ್ಲಗ್ ಹಾಕದೆ ಕಾದಳು.

ಬಾಗಿಲು ಮುಚ್ಚಿದಾಗ ಟಕ್ ಎಂದಿತು. ಇ-4 ಬರಲಿಲ್ಲ. ಒಳಗಿನ ಕಂಬಿ ನಿಧಾನಕ್ಕೆ ಕೆಂಪಾಗತೊಡಗಿತು. ಕಾವೇರಮ್ಮ ಕೈ ಮುಗಿದರು. ದೇವರಿಗೋ, ಓವನ್ನಿಗೋ, ಉನೈಸನಿಗೋ, ಅವರಿಗೇ ಗೊತ್ತು.

"ನಿನ್ನ ಉಪಕಾರ ಹೇಗೆ ತೀರಿಸುವುದು ಉನೈಸ್?" ಎಂದಳು ತೃಪ್ತಿ.

"ಸಂಜೆ ಮದರಂಗಿಗೆ ನಾನೂ ಬರ್ತೇನೆ. ನನಗೆ ಮೂಲೆ ತುಂಡು ಇಡಿ, ಕ್ರೀಮ್ ಜಾಸ್ತಿ ಇರುವಂಥದ್ದು."

ಟಿನ್ನಿನ ಹಿಟ್ಟು ಅಷ್ಟರಲ್ಲಿ ಕುಸಿದಿತ್ತು. ಮನೆಯಲ್ಲಿ ತಂದಿಟ್ಟ ಮೊಟ್ಟೆ ಎಲ್ಲ ಅದಕ್ಕೇ ಹೋಗಿದ್ದವು. ತೃಪ್ತಿ ತಲೆಗೆ ಕೈ ಇಡುವ ಮೊದಲೇ ಕಾವೇರಮ್ಮ ಕೊಟ್ಟಿಗೆಯ ಬುಟ್ಟಿಯಿಂದ ತಮ್ಮ ಊರಕೋಳಿಯ ಮೊಟ್ಟೆಗಳನ್ನು ಸೆರಗಿನಲ್ಲಿ ತುಂಬಿಕೊಂಡು ಬಂದರು. ಒಂದೊಂದನ್ನೇ ಒಡೆದು ಕೊಡುತ್ತಾ, "ಇದು ಹೇಗೆ ಉಬ್ಬುದು? ಎಷ್ಟು ಹೊಡೀಬೇಕು?" ಎಂದು ಕೇಳುತ್ತಾ ಹೋದರು. ಇಷ್ಟು ವರ್ಷ ಕೇಳದ್ದನ್ನೆಲ್ಲ ಒಂದೇ ಸಲಕ್ಕೆ ಕೇಳಿದರು. ತೃಪ್ತಿಗೆ ಬೀಟರಿನ ಸದ್ದಿನಲ್ಲೂ ಅದು ಕೇಳಲು ಸುಖವಾಗಿತ್ತು.

ಸಂಜೆ ವಸಂತ ರಿಕ್ಷ ತಂದು ನಿಲ್ಲಿಸಿದಾಗ ಕಾವೇರಮ್ಮ ಒಳ್ಳೆಯ ಸೀರೆಯೊಂದರ ಮಡಿಕೆ ಬಿಚ್ಚಿ ಉಟ್ಟು ಜಗಲಿಯಲ್ಲಿ ಮೊದಲೇ ಕೂತಿದ್ದರು. ದಾರಿಯುದ್ದಕ್ಕೂ ಕೇಕು ಅವರ ಮಡಿಲಲ್ಲೇ ಇತ್ತು. "ಮೆಲ್ಲ ಬಿಡು ಮಗಾ, ಹೊಂಡ ಉಂಟು" ಎಂದು ಹೊಂಡ ಇಲ್ಲದಲ್ಲೂ ಹೇಳಿದರು.

ಬ್ಯಾರಿಗಳ ಮನೆಯ ಹೆಂಗಸರ ನಡುವೆ ಸಫ್ರೀನಾ ಮೊಣಕೈವರೆಗೂ ಹಸಿ ಮದರಂಗಿ ಹಚ್ಚಿಸಿಕೊಂಡು ಕೂತಿದ್ದಳು. ಇದಿನಬ್ಬ ಬ್ಯಾರಿಗಳು ಕೇಕನ್ನು ಸುತ್ತಲೂ ನೋಡಿದರು, ಬಗ್ಗಿ ಮೂಸಿದರು, ತಲೆದೂಗಿದರು. "ನನ್ನ ಮಾತು ಉಳಿಸಿದಿ ಮಗಳೇ" ಎಂದರು. ತಾವೇ ಒಂದು ತುಂಡು ಕತ್ತರಿಸಿ ತೃಪ್ತಿಯ ಕೈಗಿಟ್ಟು, "ಮಾಡಿದವರೇ ಕೊಡ್ಬೇಕು. ಮದುಮಗಳಿಗೆ ಕೈ ಇಲ್ಲ ಇವತ್ತು" ಎಂದು ನಕ್ಕರು.

ತೃಪ್ತಿ ಆ ತುಂಡನ್ನು ಹಾಗೆಯೇ ಪಕ್ಕಕ್ಕೆ ಚಾಚಿದಳು.

"ಅತ್ತೆ, ನೀವು ಕೊಡಿ."

ಕಾವೇರಮ್ಮ ಒಮ್ಮೆ ಸೊಸೆಯ ಮುಖ ನೋಡಿದರು. ಬಲಗೈಯನ್ನು ಸೆರಗಿಗೆ ಒರೆಸಿಕೊಂಡು, ತುಂಡು ತೆಗೆದುಕೊಂಡು ಬಗ್ಗಿದರು. ಮದರಂಗಿಯ ಕೈಗಳೆರಡನ್ನೂ ದೂರ ಹಿಡಿದು ಸಫ್ರೀನಾ ಬಾಯಿ ತೆರೆದಳು.